ಚೆಂಡಿಗೂ ಒಂದು ಟಿಕೇಟು

ತೋಟಬೆಂಗ್ರೆಯಲ್ಲಿ ಚೆಂಡು ಪುಟಿಯುವುದಿಲ್ಲ.
ಎತ್ತಿ ಕುಕ್ಕಿದರೆ ಅಲ್ಲೇ ಕೂರುತ್ತದೆ,
ಹೊಯಿಗೆಯಲ್ಲಿ ಕಾವಿಗೆ ಕೂತ ಕೋಳಿಯ ಹಾಗೆ.

ಅದಕ್ಕೇ ತೇಜಾಕ್ಷ ಮೆಂಡನ್ ದಿನಾ ಮೂರೂವರೆಯ ಬೋಟಿಗೆ
ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದ,
ದಕ್ಕೆಯಲ್ಲಿಳಿದು, ಬಾವುಟಗುಡ್ಡೆ ಹತ್ತಿ
ಚೆಂಡು ಪುಟಿಯುವ ನೆಲಕ್ಕೆ ಹೋಗಲು.

ನಾನು ಟಿಕೇಟು ಹರಿಯುವವ. ಆಗಲೂ, ಈಗಲೂ.
"ಚೆಂಡಿಗೆ ಯಾರು ಕೊಡುವುದು ಮಾರಾಯಾ?"
ಎಂದೆ ಒಂದು ದಿನ, ಸುಮ್ಮನೆ.
ಹದಿನಾಲ್ಕರ ಹುಡುಗ,
ತಲೆ ಆಗಲೇ ಬೋಟಿನ ಮಾಡಿಗೆ ತಾಗುತ್ತಿತ್ತು;
ಬಗ್ಗಿ ನಿಂತೇ ಚಡ್ಡಿ ಕಿಸೆಯಿಂದ
ಎರಡು ರೂಪಾಯಿ ತೆಗೆದು ಕೊಟ್ಟ.
ತಮಾಷೆ ಅವನಿಗೆ ಗೊತ್ತಾಗಲಿಲ್ಲ.
ಹಿಂದೆ ಕೊಡಲು ನನಗೆ ಗೊತ್ತಾಗಲಿಲ್ಲ.
ಮರುದಿನದಿಂದ ಅವನೇ ಎರಡು ಕೇಳತೊಡಗಿದ.

ಆಮೇಲೆ ಪೇಪರಿನಲ್ಲಿ ಬಂದ,
ಎಂಟನೇ ಪುಟದ ಮೂಲೆಯಲ್ಲಿ, ಹೆಸರು ತಪ್ಪಾಗಿ:
ತೇಜಸ್ ಮೆಂಡೋನ್ಸಾ.
ಅವನ ಅಮ್ಮ ಕಲ್ಯಾಣಿಯಕ್ಕ ಅದನ್ನೂ ಕತ್ತರಿಸಿ
ಪೆನ್ನಿನಲ್ಲಿ ತಿದ್ದಿ, ಅನ್ನದ ಅಗುಳಿನಲ್ಲಿ ಗೋಡೆಗೆ ಅಂಟಿಸಿದರು.
ರಾಜ್ಯದ ಟೀಮು. ಚೆನ್ನೈಯ ಬ್ಯಾಂಕೊಂದರ ಟೀಮು.
ಬೆನ್ನಿನ ಮೇಲೆ ಹದಿನೇಳು.
ನಮ್ಮ ಬೋಟಿನ ನಂಬರೂ ಹದಿನೇಳೇ ಎಂದು
ಚುಕ್ಕಾಣಿಯ ಅಬೂಬಕ್ಕರಾಕ ಊರಿಡೀ ಹೇಳಿದರು.
ನಮ್ಮದು ಹನ್ನೊಂದು. ಇರಲಿ.

ಮತ್ತೆ ಬಹರೈನು. ಅಲ್ಲಿ ಸಮುದ್ರ ಉಂಟು,
ಬಂಗುಡೆಯ ಹಾಗಿನ ಎಂತದೋ ಮೀನುಂಟು, ನಮ್ಮವರುಂಟು.
ಆಟ ಮಾತ್ರ ಹೆಚ್ಚು ಇರಲಿಲ್ಲ, ಬೆಂಚೇ.
"ಬೆಂಚಿನಲ್ಲಿ ಕೂರಲಿಕ್ಕೂ ಬೆವರಬೇಕು ಅಣ್ಣಾ,"
ಎಂದ ರಜೆಗೆ ಬಂದಾಗ,
ನನಗೊಂದು ಸೆಂಟಿನ ಬಾಟಲಿ ಕೊಡುತ್ತಾ.

ಅದರ ಮೇಲೆ ಮಂಗೋಲಿಯಾ.
ಬೆಂಗ್ರೆಯಲ್ಲಿ ಯಾರಿಗೂ ಅದು ಎಲ್ಲಿ ಎಂದು ತಿಳಿಯದು.
ಶಾಲೆಗೆ ಹೋಗಿ ಗೋಡೆಯ ನಕಾಶೆ ನೋಡಿದೆ:
ನಾಲ್ಕೂ ಕಡೆ ನೆಲ,
ಬೆರಳಗಲ ಕಡಲಿಲ್ಲ.
ಕಲ್ಯಾಣಿಯಕ್ಕನಿಗೆ ಹೇಳಲಿಲ್ಲ.

ಒಮ್ಮೆ ಫೋನು ಮಾಡಿದ, ಬೋಟು ನಡುಹೊಳೆಯಲ್ಲಿದ್ದಾಗ.
ಮೂಗಿನೊಳಗಿನ ಕೂದಲು ಗಾಜಾಗುವ ಚಳಿಯಂತೆ.
"ಇಂಜಿನಿನ ಹತ್ತಿರ ಹಿಡಿಯಿರಿ ಅಣ್ಣಾ, ಸ್ವಲ್ಪ ಕೇಳುತ್ತೇನೆ."
ಹಿಡಿದೆ.
ಅವನ ಕಡೆಯಿಂದ ನನಗೆ ಕೇಳಿದ್ದು
ಮರದ ನೆಲದ ಮೇಲೆ ಬೂಟುಗಳ ಕೀರಲು,
ಬುಟ್ಟಿಯ ಮೇಲೆ ಕಚ್ಚಾಡುವ ಕಡಲಕಾಗೆಗಳ ಹಾಗೆ.
"ಯಾರು ಗೆಲ್ಲುತ್ತಿದ್ದಾರೆ?"
"ಈಗ ಆಡುವುದು ಬೇರೆಯವರು. ನಮ್ಮದು ಮುಗಿಯಿತು.
ನಾನು ಇಪ್ಪತ್ತೆರಡು ಹಾಕಿದೆ. ಸೋತೆವು."

ಮೂವತ್ತೊಂದಕ್ಕೆ ಮೊಣಗಂಟು ಹೋಯಿತು,
ಹಾರುವಾಗ ಅಲ್ಲ,
ಇಳಿಯುವಾಗ, ಯಾರದೋ ಪಾದದ ಮೇಲೆ.
ಕ್ಲಬ್ಬಿನವರು ಎರಡು ತಿಂಗಳ ಸಂಬಳ ಬಾಕಿಯಿಟ್ಟು
ಕುರಿಚರ್ಮದ ಕೋಟೊಂದು ಕೊಟ್ಟು ಕಳಿಸಿದರು.
ಅದರ ಮೇಲೀಗ ಕಲ್ಯಾಣಿಯಕ್ಕನ ಬೆಕ್ಕು ಮರಿ ಹಾಕಿದೆ.

ದಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಾನೆ.
ಕೋಟು ಹಾಕಿಕೋ ಎಂದರೆ ನಗುತ್ತಾನೆ, "ಇದೆಂಥ ಚಳಿ."
ಬೆಳಿಗ್ಗೆ ಆರೂಮುಕ್ಕಾಲರ ಬೋಟು.
ಆ ಕಾಲು ಚಾಚಲು ಇಬ್ಬರ ಜಾಗ ಬೇಕು;
ಮೀನಿನ ಹೆಂಗಸರು ಬುಟ್ಟಿ ಸರಿಸಿಕೊಡುತ್ತಾರೆ,
ಬೈಯುತ್ತಲೇ.

ಮೊದಲ ದಿನ ನಾನು ಮರೆತು ಎರಡು ಹರಿದೆ.
ಅವನ ಕೈಯಲ್ಲಿ ಊಟದ ಡಬ್ಬಿ ಮಾತ್ರ.
ಎರಡನ್ನೂ ತೆಗೆದುಕೊಂಡ,
ಎರಡಕ್ಕೂ ದುಡ್ಡು ಕೊಟ್ಟ, ಇಂದಿನ ದರದಲ್ಲಿ.
ತಮಾಷೆ ಈಗಲಾದರೂ ಗೊತ್ತಾಯಿತೋ ಏನೋ,
ನಾನು ಕೇಳಲಿಲ್ಲ.

ಹೊಳೆ ಇಳಿತದಲ್ಲಿತ್ತು.
ಅಂಥ ದಿನ ದಕ್ಕೆಯಲ್ಲಿ ಮೂರು ಮೆಟ್ಟಿಲು ಹೆಚ್ಚು, ಪಾಚಿ ಬೇರೆ.
ಒಳ್ಳೆಯ ಕಾಲು ಮುಂದಿಟ್ಟು ಒಂದೊಂದಾಗಿ ಹತ್ತಿದ.
ಹಿಂದಿದ್ದವರು ನಿಂತರು.
ಅಬೂಬಕ್ಕರಾಕ ಹಾರನ್ ಹೊಡೆಯಲಿಲ್ಲ.